ಒಂದೇ ನಂಬರಿನ ಫ್ಲಾನೆಲ್ ಶರ್ಟುಗಳು ಒಂದೊಂದು ಅಳತೆಗೆ ಬರುವುದೇಕೆ?

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಡಿಸೆಂಬರ್, ಜನವರಿಯಲ್ಲಿ ನಸುಕಿಗೇ ಬೈಕಿನಲ್ಲಿ ಹೂವಿನ ಮಾರುಕಟ್ಟೆಗೆ ಹೋಗಬೇಕಾದ ನನಗೆ ಸ್ವೆಟರಿಗಿಂತ ದಪ್ಪ ಫ್ಲಾನೆಲ್ ಶರ್ಟೇ ಅನುಕೂಲ. ಬಿಸಿಲೇರಿದ ಮೇಲೆ ಗುಂಡಿ ಬಿಚ್ಚಿಕೊಂಡರೆ ಸಾಕು. ತೊಂದರೆ ಇರುವುದು ಅಳತೆಯಲ್ಲಿ. 40 ಎಂದು ಬರೆದಿರುವ ಒಂದು ಶರ್ಟಿನ ಗುಂಡಿಗಳು ಎದೆಯ ಬಳಿ ಬಾಯಿಬಿಡುತ್ತವೆ, ಅದೇ 40ರ ಇನ್ನೊಂದರ ಭುಜದ ಹೊಲಿಗೆ ತೋಳಿನ ಮೇಲೆ ಇಳಿದು ಕೂರುತ್ತದೆ. ಒಂದೇ ಕಂಪನಿಯ, ಬಣ್ಣ ಮಾತ್ರ ಬೇರೆಯಾದ ಎರಡು ಶರ್ಟುಗಳನ್ನು ಒಂದರ ಮೇಲೊಂದು ಹಾಸಿ ನೋಡಿದರೂ ಉದ್ದ ಸರಿಸಮ ಬರುವುದಿಲ್ಲ. ಮಾಮೂಲಿ ಕಾಟನ್ ಶರ್ಟುಗಳಲ್ಲಿ ಇಷ್ಟು ಏರುಪೇರು ಕಂಡಿಲ್ಲ. ಇದು ಬಟ್ಟೆಯ ಗುಣವೋ ಹೊಲಿಯುವವರ ಅಸಡ್ಡೆಯೋ, ಕೊಳ್ಳುವಾಗ ಯಾವುದನ್ನು ನಂಬಬೇಕೋ, ಬಲ್ಲವರು ತಿಳಿಸಬೇಕು.

ಕಟಿಂಗ್ ಟೇಬಲ್, ಗೌರಿಬಿದನೂರು

ಗಾರ್ಮೆಂಟ್ಸ್ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ದುಡಿದವನಾಗಿ ಹೇಳುವುದಾದರೆ, ಮೊದಲ ಗೊಂದಲ ಆ 40 ಎಂಬ ಸಂಖ್ಯೆಯಲ್ಲೇ ಇದೆ. ಫಾರ್ಮಲ್ ಶರ್ಟುಗಳಲ್ಲಿ 39, 40, 42 ಎಂದರೆ ಸಾಮಾನ್ಯವಾಗಿ ಕಾಲರಿನ ಸುತ್ತಳತೆ, ಅದೂ ಸೆಂಟಿಮೀಟರಿನಲ್ಲಿ. ಕ್ಯಾಶುಯಲ್ ಶರ್ಟಿನ 40 ಎಂದರೆ ಬಹಳಷ್ಟು ಕಡೆ ಎದೆಯ ಸುತ್ತಳತೆ, ಅದು ಇಂಚಿನಲ್ಲಿ. ಅದರಲ್ಲೂ ಅದು ತೊಡುವವರ ಮೈಯ ಅಳತೆಯೇ ಹೊರತು ಬಟ್ಟೆಯದ್ದಲ್ಲ. ಮೈಯ ಅಳತೆಯ ಮೇಲೆ ಸಡಿಲಿಕೆಗೆಂದು ಎಷ್ಟು ಇಂಚು ಸೇರಿಸಬೇಕೆಂಬುದು ಕಂಪನಿಯ ಇಷ್ಟ: ಸ್ಲಿಮ್ ಫಿಟ್ ಎನ್ನುವವರು ಮೂರು ಇಂಚು ಸೇರಿಸಿದರೆ, ರೆಗ್ಯುಲರ್ ಎನ್ನುವವರು ಆರು ಇಂಚು ಸೇರಿಸಬಹುದು. ಇಬ್ಬರೂ ಕಾಲರಿಗೆ ಅಂಟಿಸುವುದು ಅದೇ 40ರ ಚೀಟಿ.

ಎರಡನೆಯದು, ಬಟ್ಟೆಯನ್ನು ಪದರಪದರವಾಗಿ ಹಾಸಿ ಒಟ್ಟಿಗೆ ಕತ್ತರಿಸುವ ಕ್ರಮ. ದಪ್ಪ ಫ್ಲಾನೆಲ್ ಅಟ್ಟಿಯಲ್ಲಿ ಕತ್ತರಿಸುವ ಯಂತ್ರದ ಅಲಗು ಕೊಂಚ ವಾಲಿದರೂ ಮೇಲಿನ ಪದರಕ್ಕೂ ತಳದ ಪದರಕ್ಕೂ ವ್ಯತ್ಯಾಸ ಬರುತ್ತದೆ. ಥಾನಿನಿಂದ ಬಿಚ್ಚಿದ ಬಟ್ಟೆಯನ್ನು ಸುಮಾರು ಒಂದು ದಿನ ಸಡಿಲವಾಗಿ ಬಿಟ್ಟು ಆಮೇಲೆ ಕತ್ತರಿಸಬೇಕು. ಆರ್ಡರ್ ಸಾಗಿಸುವ ಗಡಿಬಿಡಿಯಲ್ಲಿ ಅದನ್ನು ಬಿಟ್ಟರೆ, ಎಳೆದು ಸುತ್ತಿದ್ದ ಬಟ್ಟೆ ಹೊಲಿದ ನಂತರ ತನ್ನ ಸಹಜ ಉದ್ದಕ್ಕೆ ಮರಳುತ್ತದೆ. ಇದರ ಮೇಲೆ ಎದೆಯ ಸುತ್ತಿನಲ್ಲಿ ಅರ್ಧ ಇಂಚು, ಕೆಲವು ಖರೀದಿದಾರರ ಲೆಕ್ಕದಲ್ಲಿ ಒಂದು ಇಂಚಿನವರೆಗೂ ಹೆಚ್ಚುಕಡಿಮೆಗೆ ಒಪ್ಪಿಗೆ ಇರುತ್ತದೆ. ಒಂದು ಶರ್ಟು ಆ ಮಿತಿಯ ಕೆಳತುದಿಯಲ್ಲಿ, ಇನ್ನೊಂದು ಮೇಲ್ತುದಿಯಲ್ಲಿ ಪಾಸಾದರೆ ನಿಮ್ಮ ಕೈಗೆ ಬರುವುದು ಎರಡು ಬೇರೆ ಅಳತೆಗಳೇ. ಅದನ್ನು ಅಸಡ್ಡೆ ಎನ್ನಲಾರೆ, ಆದರೆ ಕೊಳ್ಳುವವರಿಗೆ ಅದನ್ನು ಹೇಳದಿರುವುದು ನನಗೂ ಸರಿಯೆನಿಸುವುದಿಲ್ಲ.

ಸೂಜಿ ದಾರ, ಕೋಲಾರ

ಮೇಲಿನವರು ಹೇಳಿದ್ದು ಕಾರ್ಖಾನೆಯ ಬಾಗಿಲವರೆಗಿನ ಕಥೆ. ಅಂಗಡಿ ಇಟ್ಟುಕೊಂಡಿರುವ ಟೈಲರ್ ಆಗಿ ನಾನು ದಿನವೂ ನೋಡುವುದು ಒಗೆದ ಮೇಲಿನದು. ಹತ್ತಿಯ ಫ್ಲಾನೆಲ್ಲಿನಲ್ಲಿ ಹೊಕ್ಕಿನ ನೂಲನ್ನು ಹೆಚ್ಚು ಹುರಿ ಕೊಡದೆ ಮೆತ್ತಗೆ ಬಿಟ್ಟು, ನೇಯ್ದ ಬಳಿಕ ಸಣ್ಣ ತಂತಿಗಳ ಉರುಳೆಯಿಂದ ಅದರ ಎಳೆಗಳನ್ನು ಕೆದರಿ ನವಿರು ಎಬ್ಬಿಸುತ್ತಾರೆ. ಬೆಚ್ಚಗಿಡುವುದು ಆ ನವಿರಿನೊಳಗೆ ನಿಲ್ಲುವ ಗಾಳಿ. ಕೆದರುವಾಗ ಬಟ್ಟೆಯನ್ನು ಉದ್ದಕ್ಕೆ ಎಳೆದು ಹಿಡಿದಿರುತ್ತಾರಾದ್ದರಿಂದ, ನೀರು ಸೋಕಿದಾಗ ಹಾಸಿನ ದಿಕ್ಕಿನಲ್ಲೇ, ಅಂದರೆ ಶರ್ಟಿನ ಮತ್ತು ತೋಳಿನ ಉದ್ದದಲ್ಲೇ, ಅದು ಹೆಚ್ಚಾಗಿ ಕುಗ್ಗುತ್ತದೆ. ಶೇಕಡ 4ರಷ್ಟು ಕುಗ್ಗಿತೆಂದರೆ 30 ಇಂಚಿನ ಶರ್ಟು ಒಂದು ಇಂಚಿಗೂ ಮೀರಿ ಗಿಡ್ಡವಾಗುತ್ತದೆ, 25 ಇಂಚಿನ ತೋಳು ಮಣಿಕಟ್ಟು ಬಿಟ್ಟು ಒಂದಿಂಚು ಮೇಲೇರುತ್ತದೆ. ಮೊದಲೇ ಕುಗ್ಗಿಸಿ ತಂದ ಬಟ್ಟೆಯಲ್ಲಿ ಈ ಕಾಟ ಕಡಿಮೆ. ಆ ವಿಧಾನ 1930ರ ದಶಕದಿಂದಲೇ ಬಳಕೆಯಲ್ಲಿದೆ, ಆದರೆ ಅಗ್ಗದ ಮಾಲಿನಲ್ಲಿ ಆ ಖರ್ಚು ಯಾರಿಗೂ ಬೇಡ.

ಒಂದೇ ಕಂಪನಿಯ ಎರಡು ಬಣ್ಣಗಳ ಉದ್ದ ಬೇರೆಯಾಗಿದ್ದರೆ, ಅವು ಬೇರೆ ಬೇರೆ ಲಾಟಿನ ಬಟ್ಟೆಗಳೆಂದೇ ನನ್ನ ಊಹೆ. ಒಂದನ್ನು ಈಗಾಗಲೇ ಬಿಸಿನೀರಿಗೆ ಹಾಕಿದ್ದೀರಾ?

ಕಲ್ಪತರು ನಾಡು, ತುಮಕೂರು

ರಫ್ತಿಗೆಂದು ಹೊಲಿದು ಉಳಿದ ಮಾಲನ್ನು ನಮ್ಮೂರಿನಲ್ಲೂ ರಾಶಿ ಹಾಕಿ ಮಾರುತ್ತಾರೆ; ಗೊಂದಲಕ್ಕೆ ಅದನ್ನೂ ಸೇರಿಸಿಕೊಳ್ಳಿ. ಅಮೆರಿಕದ ಅಳತೆಯ ಮೀಡಿಯಂ ಶರ್ಟಿನ ಎದೆ ನನ್ನ ತಮ್ಮನಿಗೆ ಒಪ್ಪಿದರೂ ತೋಳು ಬೆರಳಿನ ಗೆಣ್ಣಿನವರೆಗೆ ಬರುತ್ತದೆ. ಭಾರತೀಯರ ಮೈಕಟ್ಟಿಗೆ ಹೊಂದುವ ಅಳತೆಪಟ್ಟಿಗಾಗಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ ಸ್ಕ್ಯಾನರಿನಿಂದ ಜನರ ಮೈ ಅಳೆಯುವ ಸಮೀಕ್ಷೆ ಕೈಗೊಂಡಿತ್ತು. ಅಂಥ ಪಟ್ಟಿ ನಮ್ಮ ಅಂಗಡಿಗಳವರೆಗೆ ಬರುವ ತನಕ ಟೇಪು ಹಿಡಿದೇ ಹೋಗಬೇಕು. ನಿಮಗೆ ಸರಿಯಾಗಿ ಕೂರುವ ಹಳೆಯ ಶರ್ಟನ್ನು ಗುಂಡಿ ಹಾಕಿ ಮೇಜಿನ ಮೇಲೆ ಹಾಸಿ, ಒಂದು ಕಂಕುಳ ಹೊಲಿಗೆಯಿಂದ ಇನ್ನೊಂದರವರೆಗೆ, ಭುಜದ ತುದಿಯಿಂದ ತುದಿಗೆ, ಬೆನ್ನಿನ ಉದ್ದ, ತೋಳಿನ ಉದ್ದ ಇಷ್ಟನ್ನು ಬರೆದಿಟ್ಟುಕೊಳ್ಳಿ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ, ಪಟ್ಟಿಯಲ್ಲಿರುವುದು ಮೈಯ ಅಳತೆಯೋ ಬಟ್ಟೆಯ ಅಳತೆಯೋ ಎಂಬುದನ್ನು ಮೊದಲು ನೋಡಿ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ

ಎಲ್ಲರಿಗೂ ಧನ್ಯವಾದ. ಗಿಡ್ಡವಾದ ಶರ್ಟು ಬಿಸಿನೀರು ಕಂಡಿರುವುದು ನಿಜ, ಇನ್ನೊಂದಿನ್ನೂ ಹೊಸದು. ಟೇಪು ಹಿಡಿದು ನೋಡಿದಾಗ ಬಿಗಿಯಾದ ಶರ್ಟಿನ ಎದೆ ಸುತ್ತಲೂ 42 ಇಂಚು, ದೊಗಲೆಯದ್ದು 46 ಇಂಚು ಬಂದಿತು. ಎರಡರ ಚೀಟಿಯಲ್ಲೂ 40. ಒಳಗೊಂದು ಬನಿಯನ್ನೂ ಟೀ ಶರ್ಟೂ ಹಾಕುವ ನನಗೆ 44 ಹಿತವೆನಿಸುತ್ತದೆ. ದೊಡ್ಡದನ್ನೇ ಕೊಂಡು ಹಿಡಿಸುವುದು ಒಳ್ಳೆಯದೇ, ಅಥವಾ ಬಟ್ಟೆ ತಂದು ಹೊಲಿಸುವುದೇ?

ಸೂಜಿ ದಾರ, ಕೋಲಾರ

ಭುಜ ಸರಿಯಿದ್ದರೆ ದೊಡ್ಡದನ್ನು ಕೊಂಡು ಪಕ್ಕದ ಹೊಲಿಗೆಯಲ್ಲಿ ಎರಡು ಇಂಚು ಹಿಡಿಸುವುದು ಸುಲಭ. ಭುಜ ಇಳಿದಿದ್ದರೆ ತೋಳನ್ನೇ ಬಿಚ್ಚಿ ಕೂರಿಸಬೇಕಾಗುತ್ತದೆ; ಚೌಕುಳಿ ಶರ್ಟಿನಲ್ಲಿ ಆ ಕೆಲಸ ಮಾಡಿದರೆ ಗೆರೆಗಳು ತಪ್ಪುತ್ತವೆ, ಕೂಲಿಯೂ ದಂಡ. ಬಿಗಿಯಾದ ರೆಡಿಮೇಡ್ ಶರ್ಟನ್ನಂತೂ ಬಿಡಿಸಲಾಗದು, ಒಳಗೆ ಬಿಡಿಸಲು ಬಟ್ಟೆಯೇ ಉಳಿದಿರುವುದಿಲ್ಲ. ಹೊಲಿಸುವುದಾದರೆ, 58 ಇಂಚು ಅಗಲದ ಬಟ್ಟೆ ತುಂಬುತೋಳಿಗೆ 1.60 ಮೀಟರ್ ಸಾಕು ಎನ್ನುತ್ತಾರೆ. ಚೌಕುಳಿ ಹೊಂದಿಸುವುದಕ್ಕೂ ಕುಗ್ಗುವುದಕ್ಕೂ ಸೇರಿಸಿ ಎರಡು ಮೀಟರ್ ತನ್ನಿ, ರಾತ್ರಿ ನೀರಿನಲ್ಲಿ ನೆನೆಸಿ ನೆರಳಿನಲ್ಲಿ ಒಣಗಿಸಿದ ಮೇಲೆಯೇ ಟೈಲರಿಗೆ ಕೊಡಿ. ನವಿರು ಒಂದೇ ದಿಕ್ಕಿಗೆ ಮಲಗುವ ಬಟ್ಟೆಯಾಗಿದ್ದರೆ ಎಲ್ಲ ತುಂಡುಗಳನ್ನೂ ಅದೇ ದಿಕ್ಕಿಗಿಟ್ಟು ಕತ್ತರಿಸುವಂತೆ ಹೇಳಿ, ಇಲ್ಲವಾದರೆ ಬೆನ್ನಿನ ಬಣ್ಣವೇ ಬೇರೆ, ಎದೆಯ ಬಣ್ಣವೇ ಬೇರೆ ಎಂಬಂತೆ ಕಾಣುತ್ತದೆ.