ಕಿರ್ಚಾಫ್ ನಿಯಮಕ್ಕೆ ಒಗ್ಗದ ಸರ್ಕ್ಯೂಟ್: ‘ಅಸಿಂಧು’ ಅನ್ನೋಣವೇ, ‘ತಾಳೆಯಾಗದ್ದು’ ಅನ್ನೋಣವೇ?

ಗೆಳೆಯರೇ,

ಎಂಜಿನಿಯರಿಂಗ್ ಮೊದಲ ವರ್ಷದವರಿಗಾಗಿ ಸರ್ಕ್ಯೂಟ್ ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ನೆರವು ಬೇಕು. ಚಿತ್ರ ಕೊಟ್ಟು, ‘ಈ ಸರ್ಕ್ಯೂಟ್ ವ್ಯಾಲಿಡ್ ಹೌದೋ ಅಲ್ಲವೋ, ಕಿರ್ಚಾಫ್ ನಿಯಮ ಹಾಕಿ ನೋಡಿ’ ಎಂದು ಕೇಳುವ ಲೆಕ್ಕಗಳಿವೆ ಅಲ್ವಾ? ಅಲ್ಲಿನ ವ್ಯಾಲಿಡ್‌ಗೆ ಕನ್ನಡದಲ್ಲಿ ಏನು ಬರೆಯೋಣ?

ಮೊದಲು ಹೊಳೆಯುವುದು ಸಿಂಧು, ಅಸಿಂಧು. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಅಸಿಂಧು ಮತ ಅಂದರೆ ಯಾರೋ ಹಾಕಿದ ಮತವೇ. ಆಮೇಲೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಷ್ಟೆ. ಇಲ್ಲಿ ಹಾಗಲ್ಲ. 5 ವೋಲ್ಟ್ ಮತ್ತು 3 ವೋಲ್ಟ್‌ನ ಎರಡು ಆದರ್ಶ (ಅಂದರೆ ಎಷ್ಟೇ ಕರೆಂಟ್ ಹರಿದರೂ ತನ್ನ ವೋಲ್ಟೇಜ್ ಬದಲಿಸದ) ವೋಲ್ಟೇಜ್ ಸೋರ್ಸ್‌ಗಳನ್ನು ಸಮಾಂತರವಾಗಿ, ಪ್ಲಸ್‌ಗೆ ಪ್ಲಸ್ ಸೇರಿಸಿ ಬರೆಯಿರಿ. ಕಿರ್ಚಾಫ್ ನಿಯಮದಂತೆ, ಲೂಪನ್ನು (ಹೊರಟಲ್ಲಿಗೇ ಮರಳುವ ದಾರಿಯನ್ನು) ಒಂದು ಸುತ್ತು ಹಾಕಿದರೆ ವೋಲ್ಟೇಜ್‌ಗಳ ಮೊತ್ತ ಸೊನ್ನೆ ಬರಬೇಕು. 2 ಬರುತ್ತದೆ. ಅದೇ ಎರಡು ತುದಿಗಳ ನಡುವೆ 5 ವೋಲ್ಟೂ ಇದೆ, 3 ವೋಲ್ಟೂ ಇದೆ ಅಂದ ಹಾಗಾಯಿತು. ಇದನ್ನು ಯಾರೂ ತಿರಸ್ಕರಿಸಬೇಕಾಗಿಲ್ಲ. ಚಿತ್ರದ ಮಾತಿಗೆ ಚಿತ್ರವೇ ಅಡ್ಡ ನಿಂತಿದೆ.

‘ತಪ್ಪು ಸರ್ಕ್ಯೂಟ್’ ಅಂದರೆ ಓದುವವರಿಗೆ ವೈರಿಂಗ್ ತಪ್ಪಿದೆ, ಏನೋ ಸುಟ್ಟುಹೋಗುತ್ತದೆ ಅನ್ನಿಸುತ್ತದೆ. ‘ಅಸಾಧ್ಯ’ ಸ್ವಲ್ಪ ಹತ್ತಿರ. ಆದರೆ ಕಾರಣ ಹೇಳುವುದಿಲ್ಲ. ಜೊತೆಗೆ ಇನ್ನೊಂದು ಗೊಂದಲ ತರುತ್ತದೆ: 12 ವೋಲ್ಟ್ ಮತ್ತು 9 ವೋಲ್ಟ್‌ನ ನಿಜವಾದ ಬ್ಯಾಟರಿಗಳನ್ನು ಹೀಗೆ ಸೇರಿಸಬಹುದಲ್ಲ? ಸೇರಿಸಬಹುದು, ಏಕೆಂದರೆ ಅವುಗಳಿಗೆ ಒಳರೋಧವಿದೆ. ತಲಾ 1 ಓಮ್ ಅಂತಿಟ್ಟುಕೊಂಡರೆ 1.5 ಆಂಪಿಯರ್ ಹರಿದು, ತುದಿಗಳಲ್ಲಿ 10.5 ವೋಲ್ಟ್ ನಿಲ್ಲುತ್ತದೆ. ಬ್ಯಾಟರಿಗೆ ಒಳ್ಳೆಯದಲ್ಲ, ನಿಯಮಕ್ಕೆ ಅಡ್ಡಿಯಿಲ್ಲ. ಎಡವಟ್ಟು ಇರುವುದು ನಾವು ಬರೆದ ಮಾದರಿಯಲ್ಲಿ.

ಹಾಗಾಗಿ ನನ್ನ ಮನಸ್ಸು ‘ತಾಳೆ’ಯ ಕಡೆಗೆ ವಾಲಿದೆ. ಲೆಕ್ಕ ತಾಳೆಯಾಗಲಿಲ್ಲ ಅನ್ನುತ್ತೇವಲ್ಲ, ಕಿರ್ಚಾಫ್ 1845ರಲ್ಲಿ ಕೊಟ್ಟ ಎರಡೂ ನಿಯಮಗಳು ಮಾಡಿಸುವುದು ಅದನ್ನೇ. ನೋಡ್‌ಗೆ (ತಂತಿಗಳು ಕೂಡುವ ಬಿಂದುವಿಗೆ) ಬಂದ ಕರೆಂಟ್ ಹೋದ ಕರೆಂಟ್‌ಗೆ ತಾಳೆಯಾಗಬೇಕು, ಲೂಪಿನಲ್ಲಿ ಏರಿದ ವೋಲ್ಟೇಜ್ ಇಳಿದ ವೋಲ್ಟೇಜ್‌ಗೆ ತಾಳೆಯಾಗಬೇಕು. 2 ಆಂಪಿಯರ್ ಮತ್ತು 3 ಆಂಪಿಯರ್‌ನ ಕರೆಂಟ್ ಸೋರ್ಸ್‌ಗಳನ್ನು (ವೋಲ್ಟೇಜ್ ಎಷ್ಟಿದ್ದರೂ ಹೇಳಿದಷ್ಟೇ ಕರೆಂಟ್ ಹರಿಸುವಂಥವನ್ನು) ಸರಣಿಯಲ್ಲಿಟ್ಟರೆ ನಡುವಿನ ನೋಡ್‌ನಲ್ಲಿ ತಾಳೆ ತಪ್ಪುತ್ತದೆ. ‘ತಾಳೆಯಾಗುವ ಸರ್ಕ್ಯೂಟ್, ತಾಳೆಯಾಗದ ಸರ್ಕ್ಯೂಟ್’ ಅಂದರೆ ಏನು ಪರೀಕ್ಷಿಸಬೇಕು ಅನ್ನುವುದೂ ಪದದಲ್ಲೇ ಸಿಗುತ್ತದೆ.

ಬಳಸಿ ನೋಡಿದೆ, ಚೆನ್ನಾಗಿಯೇ ಕೂರುತ್ತದೆ. 10 ವೋಲ್ಟ್‌ನ ಸೋರ್ಸ್‌ಗೆ 2 ಆಂಪಿಯರ್‌ನ ಕರೆಂಟ್ ಸೋರ್ಸನ್ನು ಸಮಾಂತರವಾಗಿ ಸೇರಿಸಿದ ಲೆಕ್ಕ ಬರುತ್ತದೆ. ಬಹಳ ಜನ ಸುಮ್ನೆ ನೋಡಿ ‘ಆಗಲ್ಲ’ ಅಂದುಬಿಡುತ್ತಾರೆ. ತಾಳೆ ನೋಡಿ ಅಂದರೆ ಗೊತ್ತಾಗುತ್ತದೆ: ವೋಲ್ಟೇಜ್ ಸೋರ್ಸ್ ತನ್ನ ಕರೆಂಟ್ ಇಷ್ಟೇ ಇರಬೇಕು ಅನ್ನುವುದಿಲ್ಲ, ಕರೆಂಟ್ ಸೋರ್ಸ್ ತನ್ನ ವೋಲ್ಟೇಜ್ ಬಗ್ಗೆ ಏನೂ ಹೇಳುವುದಿಲ್ಲ. ಜಗಳವೇ ಇಲ್ಲ. ರೆಸಿಸ್ಟರ್ ಕೂಡ ಹೀಗೆಯೇ ಹೊಂದಿಕೊಳ್ಳುತ್ತದೆ. ಸ್ವತಂತ್ರ ಸೋರ್ಸ್‌ಗಳೂ (ಸರ್ಕ್ಯೂಟಿನ ಬೇರೆ ಭಾಗವನ್ನು ನೋಡಿ ಬೆಲೆ ಬದಲಿಸದವು) ರೆಸಿಸ್ಟರ್‌ಗಳೂ ಮಾತ್ರ ಇರುವಲ್ಲಿ ಮೊದಲು ನೋಡಬೇಕಾದದ್ದು ಬರೀ ವೋಲ್ಟೇಜ್ ಸೋರ್ಸ್‌ಗಳೇ ಇರುವ ಲೂಪು, ಬರೀ ಕರೆಂಟ್ ಸೋರ್ಸ್‌ಗಳೇ ಸೇರುವ ನೋಡ್.

ಒಂದು ತೊಡಕು ಉಳಿದಿದೆ. 5 ವೋಲ್ಟ್‌ನ ಎರಡು ಆದರ್ಶ ಸೋರ್ಸ್‌ಗಳನ್ನೇ ಸಮಾಂತರವಾಗಿಟ್ಟರೆ ತಾಳೆಯೇನೋ ಆಗುತ್ತದೆ. ಆದರೆ ಯಾವುದರಿಂದ ಎಷ್ಟು ಕರೆಂಟ್ ಬರುತ್ತದೆ ಅನ್ನುವುದನ್ನು ಯಾವ ಸಮೀಕರಣವೂ ಗೊತ್ತುಮಾಡುವುದಿಲ್ಲ. ಇದಕ್ಕೆ ಬೇರೆ ಹೆಸರೇ ಬೇಕು. ‘ಅನಿರ್ದಿಷ್ಟ’ ಅಂದರೆ ಬೆಲೆ ಕೊಟ್ಟಿಲ್ಲ ಅನ್ನಿಸುತ್ತದೆ. ‘ಬಗೆಹರಿಯದ’ ಅಂದರೆ ಉತ್ತರವೇ ಇಲ್ಲ ಅನ್ನಿಸುತ್ತದೆ. ಇಲ್ಲಿ ಉತ್ತರಗಳು ಜಾಸ್ತಿ ಇವೆ, ಒಂದೇ ಅಲ್ಲ. ಈ ಎರಡನೆಯದಕ್ಕೆ ನೀವು ಪಾಠದಲ್ಲಿ ಏನು ಬಳಸುತ್ತೀರಿ? ‘ತಾಳೆಯಾಗದ’ ಎಂಬುದಕ್ಕೆ ಆಕ್ಷೇಪವಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.