ನರಸಾಪುರ: ಒಂದೇ ಲೈನಿನಲ್ಲಿ 24 ಕಂಟ್ರೋಲರ್, ಎರಡು ಆಗಾಗ ಆಫ್‌ಲೈನ್

ಪ್ರಶ್ನೆ: ಕೋಲಾರದ ನರಸಾಪುರ ಕೈಗಾರಿಕಾ ಪ್ರದೇಶದ ಕಟ್ಟಡ. ಎಸಿ, ಫ್ಯಾನ್ ಮುಂತಾದವನ್ನು ನಡೆಸುವ 24 ಕಂಟ್ರೋಲರ್‌ಗಳು ಒಂದೇ ತಂತಿ ಲೈನಿನಲ್ಲಿವೆ. ಅವು ಮಾತಾಡುವ ನಿಯಮಾವಳಿ ಬ್ಯಾಕ್‌ನೆಟ್ ಎಂಎಸ್‌ಟಿಪಿ, ವೇಗ 38400 ಬಾಡ್. 13 ಮತ್ತು 21ನೇ ವಿಳಾಸದವು ಬಂದು ಬಂದು ಹೋಗುತ್ತಿವೆ. ಎಲ್ಲಿಂದ ಹುಡುಕಲಿ?

ಉತ್ತರ: ಮೊದಲು ವಿಳಾಸ. ಅದನ್ನು ಕೊಡುವ ಡಿಪ್ ಸ್ವಿಚ್‌ಗಳ (ಕಂಟ್ರೋಲರ್ ಮೇಲಿನ ಪುಟ್ಟ ಸ್ವಿಚ್‌ಗಳ ಸಾಲು) ಮೌಲ್ಯ 1, 2, 4, 8, 16 ಹೀಗೆ ದ್ವಿಗುಣವಾಗುತ್ತದೆ; ಆನ್ ಇರುವವುಗಳ ಮೊತ್ತವೇ ವಿಳಾಸ. 13 ಬೇಕಾದರೆ 1, 3, 4ನೇ ಸ್ವಿಚ್ ಆನ್. 21ಕ್ಕೆ 1, 3, 5. 4 ಮತ್ತು 5ನೇ ಸ್ವಿಚ್ಚಿನಲ್ಲಷ್ಟೇ ವ್ಯತ್ಯಾಸ, ಕಣ್ತಪ್ಪುವುದು ಸುಲಭ. ಎರಡಕ್ಕೂ ಒಂದೇ ವಿಳಾಸ ಬಿದ್ದರೆ ಎರಡೂ ಒಟ್ಟಿಗೆ ಮಾತಾಡಿ ಟೋಕನ್ (ಮಾತಾಡುವ ಸರದಿ) ಕಳೆದುಹೋಗುತ್ತದೆ. ಸ್ವಿಚ್ ಬದಲಿಸಿದ ಮೇಲೆ ಪವರ್ ಆಫ್ ಮಾಡಿ ಆನ್ ಮಾಡಿ. ಎಷ್ಟೋ ಮಾದರಿಗಳು ಆನ್ ಆಗುವಾಗ ಮಾತ್ರ ವಿಳಾಸ ಓದುತ್ತವೆ.

ಡಿವೈಸ್ ಇನ್‌ಸ್ಟನ್ಸ್ (ಸಾಧನದ ಗುರುತು ಸಂಖ್ಯೆ) ಬೇರೆಯೇ ಸಂಗತಿ. ಈ ಲೈನಿನಲ್ಲಷ್ಟೇ ಅಲ್ಲ, ಇಡೀ ಜಾಲದಲ್ಲಿ ಒಂದು ಸಂಖ್ಯೆ ಒಂದೇ ಸಾಧನಕ್ಕಿರಬೇಕು (0ರಿಂದ 4194302). ಲೈನ್ ಸಂಖ್ಯೆ ಸೇರಿಸಿ, ಉದಾಹರಣೆಗೆ 3ನೇ ಲೈನ್ ಆದರೆ 3013, 3021 ಎಂದು ಕೊಡುವುದೇ ನನ್ನ ಮಟ್ಟಿಗೆ ಸರಿಯಾದ ಕ್ರಮ.

ಇನ್ನೊಂದು ಉತ್ತರ: ಮ್ಯಾಕ್ಸ್ ಮಾಸ್ಟರ್ (ಎಷ್ಟನೇ ವಿಳಾಸದವರೆಗೆ ಹುಡುಕಬೇಕು ಎಂಬ ಮಿತಿ) ನೋಡಿ. ಅದು 20 ಎಂದಿದ್ದರೆ 21ನೆಯದನ್ನು ಯಾರೂ ಕರೆಯುವುದೇ ಇಲ್ಲ. 127ಕ್ಕೇ ಬಿಟ್ಟರೆ ಇಲ್ಲದ ವಿಳಾಸಗಳನ್ನು ಹುಡುಕುತ್ತ ಸಮಯ ವ್ಯರ್ಥ.

ಆಮೇಲೆ ವೈರಿಂಗ್. ಲೈನಿನ ಎರಡು ತುದಿಗೂ ಒಂದೊಂದು 120 ಓಮ್ ಟರ್ಮಿನೇಟರ್ (ರೆಸಿಸ್ಟರ್) ಇರಬೇಕು. ಪವರ್ ತೆಗೆದು ಲೈನಿನ ಪ್ಲಸ್–ಮೈನಸ್ ತಂತಿಗಳ ನಡುವೆ ರೋಧ ಅಳೆಯಿರಿ: ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿಯ ಟರ್ಮಿನೇಟರ್ ಇಲ್ಲ. 40 ಬಂದರೆ ಮಧ್ಯದಲ್ಲೆಲ್ಲೋ ಮೂರನೆಯದು ಕೂತಿದೆ. ಲೈನಿನ ನಡುವಿನಿಂದ ಕವಲು ಹೊರಡಿಸಬೇಡಿ, ಶೀಲ್ಡ್ (ಕೇಬಲ್ಲಿನ ಲೋಹದ ಹೊದಿಕೆ) ಒಂದೇ ಕಡೆ ಅರ್ತ್ ಆಗಲಿ.

ಪ್ರಶ್ನೆ ಕೇಳಿದವರು: 40 ಓಮ್ ಬಂತು. 9ನೇ ವಿಳಾಸದ ಕಂಟ್ರೋಲರಿನಲ್ಲಿ ಟರ್ಮಿನೇಟರ್ ಜಂಪರ್ (ಅದನ್ನು ಜೋಡಿಸುವ ಪುಟ್ಟ ಕ್ಲಿಪ್) ಹಾಕಿಯೇ ಇತ್ತು, ತೆಗೆದಿದ್ದೇನೆ.