ಮೆಟ್ಟಿಲ ಲೈಟು ‘ಆರುತ್ತದೆ’, ‘ಹೋಗುತ್ತದೆ’, ‘ನಿಲ್ಲುತ್ತದೆ’: ಯಾವುದು ಸರಿ?

ಗೆಳೆಯರೇ,

ಮೆಟ್ಟಿಲ ಲೈಟು ಸ್ವಲ್ಪ ಹೊತ್ತಿಗೆ ತಾನಾಗಿ ಆರುತ್ತದೆ ಅಂತ ತಿಳಿಸುವ ಒಂದೇ ಒಂದು ಸಾಲಿನ ಬೋರ್ಡು ಬರೆಯಬೇಕಿದೆ. ಎರಡು ವಾರವಾಯಿತು, ಆಗುತ್ತಿಲ್ಲ. ನಿಮ್ಮ ಕಡೆ ಏನನ್ನುತ್ತಾರೆ ಅಂತ ತಿಳಿದರೆ ಕೈ ಮುಂದೆ ಹೋದೀತು.

ನಾವಿರುವುದು ಮುಂಬೈನ ಮಾಟುಂಗದಲ್ಲಿ. ಮೂರು ಮಹಡಿಯ ಹಳೇ ಕಟ್ಟಡ, ಲಿಫ್ಟ್ ಇಲ್ಲ. ಪ್ರತಿ ಮಹಡಿಯಲ್ಲೂ ಮೆಟ್ಟಿಲ ಬಲ್ಬಿನ ಕೆಳಗೆ ಕರೀ ಬೇಕಲೈಟಿನ ದಪ್ಪ ಬಟನ್ ಇತ್ತು. ಅಂಗೈ ಇಟ್ಟು ಒಳಕ್ಕೆ ಅದುಮಬೇಕು. ಒಳಗಿನ ಗಾಳಿ ಹೊರಗೆ ಹೋಗಿ ಲೈಟ್ ಹತ್ತುತ್ತದೆ. ಕೈ ಬಿಟ್ಟ ಮೇಲೆ ಸ್ಪ್ರಿಂಗು ಬಟನ್ನನ್ನು ಹೊರಕ್ಕೆ ತಳ್ಳುತ್ತದೆ. ಆದರೆ ಸೂಜಿಮೊನೆಯಷ್ಟು ತೂತಿನಿಂದ ಗಾಳಿ ಎಷ್ಟು ಒಳಗೆ ಬಂತೋ ಅಷ್ಟೇ ಅದು ಹೊರಗೆ ಬರಬಹುದು. ಮುದುಕರು ಉಸಿರೆಳೆದುಕೊಂಡ ಹಾಗೆ ಮೆಲ್ಲಗೆ ಬಂದು, ಕೊನೆಗೆ ಟಕ್ ಅಂದು ಲೈಟ್ ತೆಗೆಯುತ್ತದೆ. ಒಳಗಿನ ರಬ್ಬರು ಬಿರಿದರೆ ಗಾಳಿ ಒಮ್ಮೆಲೇ ನುಗ್ಗಿ ಹತ್ತೇ ಸೆಕೆಂಡಿಗೆ ಕತ್ತಲೆ. ತೂತಿಗೆ ಧೂಳು ಕಟ್ಟಿದರೆ ಬೆಳತನಕ ಬೆಳಕು. ನಮ್ಮ ಮೊದಲ ಮಹಡಿಯದ್ದಕ್ಕೆ ಮೊದಲನೇ ರೋಗ, ಮೂರನೇ ಮಹಡಿಯದ್ದಕ್ಕೆ ಎರಡನೇದು.

ವಾಯರ್‌ಮನ್ ಬಂದು ಮೊದಲು ಅದೇ ಜಾಗದಲ್ಲಿ ಎರಡು ವಯರಿನ ಎಲೆಕ್ಟ್ರಾನಿಕ್ ಸ್ವಿಚ್ ಹಾಕಿದ. ಲೈಟ್ ಹೋದ ಮೇಲೂ ಎಲ್‌ಇಡಿ ಬಲ್ಬು ಮಿಣಮಿಣ ಅನ್ನುತ್ತಲೇ ಇತ್ತು. ಆ ಸ್ವಿಚ್ಚಿಗೆ ನ್ಯೂಟ್ರಲ್ (ಕರೆಂಟ್ ವಾಪಸು ಹೋಗುವ ವಯರು) ಇಲ್ಲ, ತನಗೆ ಬೇಕಾದ ಚೂರು ಕರೆಂಟನ್ನು ಬಲ್ಬಿನ ಮೂಲಕವೇ ಎಳೆದುಕೊಳ್ಳುತ್ತದೆ. ಹಳೇ 60 ವಾಟಿನ ಬಲ್ಬಿಗೆ ಅದು ಲೆಕ್ಕಕ್ಕೇ ಇಲ್ಲ, ಎಲ್‌ಇಡಿಗೆ ಅಷ್ಟೇ ಸಾಕು. ಕೊನೆಗೆ ಮೀಟರ್ ರೂಮಿನಲ್ಲಿ ರಿಲೇ (ಕರೆಂಟಿನಿಂದಲೇ ತೆರೆದು ಮುಚ್ಚುವ ಸ್ವಿಚ್) ಇರುವ ಒಂದೇ ಟೈಮರ್ ಕೂರಿಸಿ, ಮಹಡಿಗೊಂದು ಕಾಲಿಂಗ್ ಬೆಲ್ಲಿನಂಥ ಬಟನ್ ಕೊಟ್ಟ. ಎಲ್ಲಿ ಒತ್ತಿದರೂ ಇಡೀ ಮೆಟ್ಟಿಲಿಗೆ ಲೈಟು. ಡಯಲ್ಲನ್ನು 1 ನಿಮಿಷಕ್ಕೆ ಇಟ್ಟು ಹೋದ.

ಆ ವಾರವೇ ನಮ್ಮ ಅತ್ತೆಯ ಅಕ್ಕ ಗದಗದಿಂದ ಬಂದಿದ್ದರು. ಮಂಡಿನೋವಿನವರು. ಎರಡನೇ ಮಹಡಿ ದಾಟಿ ಅರ್ಧದಲ್ಲಿದ್ದಾಗ ಕತ್ತಲಾಯಿತು. ‘ಕರೆಂಟ್ ಹೋತು’ ಅಂದುಕೊಂಡು ಗೋಡೆ ಹಿಡಿದು ನಿಂತೇ ಇದ್ದರು. ಕೈಯಳತೆಯಲ್ಲೇ ಗೋಡೆಯ ಮೇಲೆ ಮರಾಠಿ, ಇಂಗ್ಲಿಷ್ ಬೋರ್ಡುಗಳಿವೆ. ಅವರಿಗೆ ಓದಲು ಬರುವುದು ಕನ್ನಡ ಒಂದೇ. ಮರುದಿನ ಡಯಲ್ಲನ್ನು 3 ನಿಮಿಷಕ್ಕೆ ತಿರುಗಿಸಿದೆವು. ಕಟ್ಟಡದಲ್ಲಿ ಐದು ಮನೆ ಕನ್ನಡದವರು ಇದ್ದೀರಿ, ಕೆಳಗೊಂದು ಸಾಲು ಕನ್ನಡದಲ್ಲೂ ಬರೆಸಿ ಅಂದರು ಸೆಕ್ರೆಟರಿ. ಬರೆಯುವ ಕೆಲಸ ನನ್ನ ತಲೆಗೆ ಬಂತು.

ಮರಾಠಿ ಬೋರ್ಡು ಹೇಳುವುದು ಇಷ್ಟು: ‘ಬಟಣ್ ದಾಬಾ, ದಿವಾ ತೀನ್ ಮಿನಿಟಾಂನೀ ಆಪೋಆಪ್ ಬಂದ್ ಹೋಯಿಲ್’. ಸುಲಭ ಅಲ್ವಾ? ನಾನು ಹಾಸನದ ಕಡೆಯವಳು. ‘ಗುಂಡಿ ಒತ್ತಿ, 3 ನಿಮಿಷದಲ್ಲಿ ದೀಪ ತಾನಾಗಿ ಆರುತ್ತದೆ’ ಅಂತ ಬರೆದು ಅತ್ತೆಗೆ ತೋರಿಸಿದೆ. ಅವರು ಧಾರವಾಡದವರು. ‘ದೀಪ ಆರ್ತದ ಅಂತ ಗ್ವಾಡಿ ಮ್ಯಾಲೆ ಬರೀತಿಯೇನವಾ? ಮುಸ್ಸಂಜಿ ಹೊತ್ತಿಗೆ ಎಲ್ಲಾರೂ ಅದನ್ನ ಓದಬೇಕೇನು?’ ಅಂದರು.

ದೀಪ ಆರಿತು ಅನ್ನಬಾರದು, ದೊಡ್ಡದಾಯಿತು ಅನ್ನಬೇಕು. ನಮ್ಮಜ್ಜಿಯೂ ದೇವರ ದೀಪವನ್ನು ‘ದೊಡ್ಡದು ಮಾಡು’ ಅನ್ನುತ್ತಿದ್ದರು, ಕೆಲವೊಮ್ಮೆ ‘ಶಾಂತ ಮಾಡು’. ಮರಾಠಿಯವರೂ ತೆಂಗಿನಕಾಯಿ ಒಡೆಯುವುದಕ್ಕೆ ‘ವಾಢವಣೆ’, ಅಂದರೆ ಹೆಚ್ಚಿಸುವುದು, ಅನ್ನುತ್ತಾರೆ. ಆದರೆ ‘3 ನಿಮಿಷದಲ್ಲಿ ದೀಪ ದೊಡ್ಡದಾಗುತ್ತದೆ’ ಅಂತ ಬರೆದರೆ ನನ್ನ ಮಗ ಬೆಳಕು ಜಾಸ್ತಿಯಾಗಲಿ ಅಂತ ಕಾದು ಕೂತಾನು. ದೇವರ ದೀಪದ ಮಾತನ್ನು ಎಲ್‌ಇಡಿಗೆ ಹೊರಿಸುವುದು ನನಗೂ ಸರಿ ಕಾಣಲಿಲ್ಲ. ಹಾಗಾಗಿ ‘ದೀಪ’ ತೆಗೆದು ‘ಲೈಟ್’ ಮಾಡಿದೆ. ಲೈಟಿಗೆ ಮಡಿ ಮೈಲಿಗೆ ಇಲ್ಲ.

ಕ್ರಿಯಾಪದ ಮಾತ್ರ ಕೈಗೆ ಸಿಗುತ್ತಿಲ್ಲ.

‘ಲೈಟ್ ಹೋಗುತ್ತದೆ’ ಅಂದರೆ ಕರೆಂಟ್ ಹೋದ ಹಾಗೆ, ಇಲ್ಲವೇ ಬಲ್ಬು ಸುಟ್ಟ ಹಾಗೆ. ದೊಡ್ಡತ್ತೆ ಕತ್ತಲಲ್ಲಿ ನಿಂತಿದ್ದೇ ಈ ಅರ್ಥದಿಂದ. ಕರೆಂಟ್ ಹೋದರೆ ಯಾರಾದರೂ ಬಟನ್ ಹುಡುಕುತ್ತಾರೆಯೇ? ಬರಲಿ ಅಂತ ಕಾಯುತ್ತಾರೆ.

‘ನಿಲ್ಲುತ್ತದೆ’ ಇನ್ನೂ ತಮಾಷೆ. ‘3 ನಿಮಿಷ ನಿಲ್ಲುತ್ತದೆ’ ಅಂದರೆ ಅಷ್ಟು ಹೊತ್ತು ಇರುತ್ತದೆ. ‘3 ನಿಮಿಷಕ್ಕೆ ನಿಲ್ಲುತ್ತದೆ’ ಅಂದರೆ ಇರುವುದಿಲ್ಲ. ನಡುವೆ ಇರುವುದು ಒಂದು ‘ಕ್ಕೆ’. ಪೇಂಟರ್ ಉತ್ತರ ಪ್ರದೇಶದವನು, ಅಕ್ಷರವನ್ನು ಚಿತ್ರದಂತೆ ನೋಡಿ ಬರೆಯುವವನು. ಅವನು ಆ ಒಂದಕ್ಷರ ಬಿಟ್ಟರೆ ಕಥೆ ಮುಗಿಯಿತು.

‘ಬಂದ್ ಆಗುತ್ತದೆ’ ಅತ್ತೆಗೆ ಒಪ್ಪಿಗೆ. ನನ್ನ ಕಿವಿಗೆ ಬಂದ್ ಅಂದರೆ ಬಸ್ಸು ಓಡದ ದಿನ. ಮರಾಠಿಯಲ್ಲಿ ‘ಬಂದ್ ಹೋಣೆ’ ಬೇರೆ, ಕೆಟ್ಟು ಕೂರುವ ‘ಬಂದ್ ಪಡಣೆ’ ಬೇರೆ. ಧಾರವಾಡದವರಿಗೆ ‘ಬಂದ್ ಬಿತ್ತು’ ಇದೆ, ಈ ಅಂತರ ಅವರಿಗೆ ತಿಳಿಯುತ್ತದೆ. ನಮ್ಮ ಕಡೆಯವರಿಗೆ ಎರಡೂ ಒಂದೇ.

ಎರಡನೇ ಮಹಡಿಯ ಶೆಟ್ಟರು ‘ಆಫ್ ಆಗುತ್ತದೆ ಅಂತ ಬರೆದು ಕೈ ತೊಳೆದುಕೊಳ್ಳಿ ಮಾರಾಯ್ರೆ’ ಅಂದರು. ಬಹುಶಃ ಕೊನೆಗೆ ಅದೇ ಗತಿ. ಆದರೂ ಸೋಲಲು ಮನಸ್ಸಿಲ್ಲ.

ಹತ್ತುವುದಕ್ಕೆ ಇಷ್ಟು ಕಷ್ಟವಿಲ್ಲ, ನೋಡಿ. ಧಾರವಾಡದವರು ಲೈಟ್ ಹಚ್ಚುತ್ತಾರೆ, ಫ್ಯಾನೂ ಹಚ್ಚುತ್ತಾರೆ. ಅವರಿಗೆ ಲೈಟೂ ಹತ್ತುತ್ತದೆ, ಮೆಟ್ಟಿಲೂ ಹತ್ತುವುದೇ. ‘ಲೈಟ್ ಹತ್ತಿದ ಮ್ಯಾಲೆ ಪಾವಟಿಗಿ ಹತ್ತರಿ’ ಅಂತ ಅತ್ತೆ ಒಂದೇ ಉಸಿರಿಗೆ ಹೇಳಿದರು. ಬೋರ್ಡಿಗೆ ಇದಕ್ಕಿಂತ ಚೆಂದದ ಸಾಲು ಸಿಗಲಿಕ್ಕಿಲ್ಲ. ಇಳಿಯುವವರಿಗೆ ಏನು ಹೇಳುವುದು ಅನ್ನುವುದೊಂದೇ ತೊಡಕು.

ಒತ್ತುವ ಮಾತಿನಲ್ಲೂ ಒಂದು ಸೂಕ್ಷ್ಮ ಕಂಡೆ. ಹಳೇ ಬಟನ್ನನ್ನು ನಾವೆಲ್ಲ ಅದುಮುತ್ತಿದ್ದೆವು, ಪೂರ್ತಿ ಒಳಗೆ ಹೋಗದಿದ್ದರೆ ಗಾಳಿ ಪೂರ್ತಿ ಹೊರಗೆ ಹೋಗದು. ಹೊಸದಕ್ಕೆ ಬೆರಳು ತಾಗಿಸಿದರೆ ಸಾಕು. ಆದರೂ ಮೂರನೇ ಮಹಡಿಯವರು ಇವತ್ತಿಗೂ ಅಂಗೈ ಇಟ್ಟು ಅದುಮುತ್ತಾರೆ, ಒಂದು ಬಟನ್ ಆಗಲೇ ಒಳಗೆ ಸಿಕ್ಕಿಕೊಂಡಿತ್ತು. ಹಾಗಾಗಿ ‘ಒತ್ತಿ’ ಅಂತಲೇ ಇಡುತ್ತೇನೆ, ‘ಅದುಮಿ’ ಬೇಡ, ‘ಅಮುಕಿ’ಯಂತೂ ಬೇಡವೇ ಬೇಡ.

ಇನ್ನು ವಸ್ತುವಿನ ಹೆಸರು. ‘ಮೆಟ್ಟಿಲ ಗುಂಡಿ’ ಅಂತ ಸುಮ್ನೆ ಬರೆದು ನೋಡಿದೆ. ಮೆಟ್ಟಿಲ ಹತ್ತಿರ ಹಳ್ಳ ಬಿದ್ದಿದೆ, ಹುಷಾರು ಅನ್ನುವ ಹಾಗಿದೆ! ಮಳೆಗಾಲದ ಮುಂಬೈನಲ್ಲಿ ಜನ ನಂಬಿಯೂ ಬಿಡುತ್ತಾರೆ. ಈ ಮೆಟ್ಟಿಲ ಕೋಣೆಗೆ ಇಂಗ್ಲಿಷಿನಲ್ಲಿ ‘ಸ್ಟೇರ್‌ವೆಲ್’ ಅಂತ ಬಾವಿ ಸೇರಿದ ಹೆಸರಿದೆ. ಅದನ್ನು ಹಾಗೇ ಇಳಿಸಿದರೆ ‘ಮೆಟ್ಟಿಲ ಬಾವಿ’ ಆಗಿ ಲಕ್ಕುಂಡಿಯ ಮುಸುಕಿನ ಬಾವಿಗೆ ಹೋಗಿ ಬೀಳುತ್ತೇವೆ. ಮರಾಠಿಯವರು ಪರ್ಷಿಯನ್ ಭಾಷೆಯಿಂದ ಬಂದ ‘ಜಿನಾ’ ಇಟ್ಟುಕೊಂಡು ಆರಾಮಾಗಿದ್ದಾರೆ.

‘ಟೈಮರ್’ ಸಾಕಲ್ಲ ಅನ್ನಬಹುದು. ಆದರೆ ನಮ್ಮ ಕಟ್ಟಡದಲ್ಲಿ ಟೈಮರ್ ಅಂದರೆ ಸಂಜೆ 7ಕ್ಕೆ ಗೇಟಿನ ಲೈಟ್ ಹಚ್ಚುವ ಗಡಿಯಾರದ ಪೆಟ್ಟಿಗೆ. ಅದು ನೋಡುವುದು ಹೊತ್ತನ್ನು, ಇದು ಎಣಿಸುವುದು ಗಡುವನ್ನು. ಫ್ರೆಂಚರು ಈ ಎರಡನೆಯದಕ್ಕೆ ನಿಮಿಷದಿಂದಲೇ ‘ಮಿನ್ಯುತ್ರಿ’ ಅಂತ ಹೆಸರು ಮಾಡಿಕೊಂಡಿದ್ದಾರೆ. ಜರ್ಮನರದು ‘ಟ್ರೆಪೆನ್‌ಲಿಖ್ಟ್‌ಆಟೊಮಾಟ್’, ಮೆಟ್ಟಿಲು, ಬೆಳಕು, ಯಂತ್ರ ಮೂರನ್ನೂ ಕಟ್ಟಿದ ಗಂಟು. ನನಗೆ ಫ್ರೆಂಚರ ದಾರಿ ಹಿಡಿಸಿತು. ‘ಹೊತ್ತುಗುಂಡಿ’ ಅಂದರೆ ಹೇಗೆ ಅಂತ ಒಂದು ರಾತ್ರಿ ಹೊಳೆಯಿತು. ಹೊತ್ತು ಅಂದರೆ ಸಮಯವೂ ಹೌದು, ದೀಪ ಹೊತ್ತುವುದೂ ಹೌದು. ಬೆಳಿಗ್ಗೆ ಖುಷಿಯಿಂದ ಹೇಳಿದರೆ ಶೆಟ್ಟರು, ‘ಮೀಟರ್ ರೂಮಿನಲ್ಲಿ ಹೊತ್ತುವುದು ಅಂದರೆ ಫೈರ್ ಬ್ರಿಗೇಡಿಗೇ ಫೋನ್ ಹೋಗುತ್ತದೆ’ ಅಂದರು. ‘ಗಡುವಿನ ಬಟನ್’ ಅಂದೆ. ಅವರ ಹೆಂಡತಿಗೆ ಬ್ಯಾಂಕಿನ ಕಂತು ನೆನಪಾಯಿತಂತೆ.

ಸದ್ಯ ನನ್ನ ಕೈಯಲ್ಲಿರುವ ಸಾಲು ಇದು: ‘ಬಟನ್ ಒತ್ತಿ. ಲೈಟ್ 3 ನಿಮಿಷ ಇರುತ್ತದೆ. ಸಾಲದಿದ್ದರೆ ಮತ್ತೆ ಒತ್ತಿ.’ ಆರುವ ಮಾತೇ ಇಲ್ಲ, ಅತ್ತೆಗೂ ಸಮಾಧಾನ. ‘ಇರುತ್ತದೆ’ ತುಸು ಸಪ್ಪೆ, ಕತ್ತಲಾದಾಗ ಗಾಬರಿ ಬೇಡ ಅನ್ನುವುದನ್ನು ಅದು ಹೇಳುವುದೂ ಇಲ್ಲ.

ಕೇಳುವುದು ಎರಡೇ. ತಾನಾಗಿ ಆರುವುದಕ್ಕೆ, ಯಾರೂ ಆರಿಸದೆ, ಕೆಡದೆ, ಕರೆಂಟೂ ಹೋಗದೆ ಆರುವುದಕ್ಕೆ, ನಿಮ್ಮ ಮನೆಗಳಲ್ಲಿ ಬೇರೆ ಮಾತು ಇದೆಯೇ? ಮತ್ತೆ, ಈ ಟೈಮರಿನಲ್ಲಿ ಗಡುವು ಮುಗಿಯುವ ಮೊದಲು ಲೈಟ್ ಒಮ್ಮೆ ಪಕ್ ಅಂದು ಎಚ್ಚರಿಸುವ ಏರ್ಪಾಡೂ ಇದೆ, ಇನ್ನೂ ಹಾಕಿಸಿಲ್ಲ. ಆ ಒಂದು ಪಕ್‌ಗೆ ‘ಮಿಟುಕು’ ಅನ್ನಲೋ, ‘ಮಿನುಗು’ ಅನ್ನಲೋ? ಪೇಂಟರ್ ಭಾನುವಾರ ಬರುತ್ತಾನೆ. ಶನಿವಾರದೊಳಗೆ ತಿಳಿಸಿದರೆ ಉಪಕಾರ.